ಹೆಡ್ಜ್ ಟ್ರಿಮ್ಮರ್ ಇದ್ದಕ್ಕಿದ್ದಂತೆ ನಿಂತಿದೆ: ಕೇಬಲ್ಲೋ, ಸ್ವಿಚ್ಚೋ, ಕಾರ್ಬನ್ನೋ?

ಹಿತ್ತಿಲ ಬೇಲಿ:
230 ವೋಲ್ಟ್, 550 ವ್ಯಾಟ್‌ನ ವೈರ್ ಇರುವ ಟ್ರಿಮ್ಮರ್. ಡ್ಯುರಾಂಟಾ ಬೇಲಿ ಕತ್ತರಿಸುವಾಗ ನಿಂತುಹೋಯಿತು, ಈಗ ಸದ್ದೇ ಇಲ್ಲ. ಎರಡು ವಾರದಿಂದ ಹಿಡಿಯ ಹತ್ತಿರ ವೈರ್ ಅಲ್ಲಾಡಿಸಿದರೆ ಓಡುತ್ತಿತ್ತು, ಬಿಟ್ಟರೆ ನಿಲ್ಲುತ್ತಿತ್ತು. ಗಾಳಿಕಿಂಡಿಯಲ್ಲಿ ಕಿಡಿಯೂ ಕಾಣುತ್ತಿತ್ತು. ಅಂಗಡಿಯವರು ಆರ್ಮೇಚರ್ (ಮೋಟರ್ ಒಳಗೆ ತಿರುಗುವ ತಂತಿ ಸುತ್ತಿದ ಭಾಗ) ಬದಲಿಸಿ ಅನ್ನುತ್ತಾರೆ. ನನ್ನ ಹತ್ತಿರ ಮಲ್ಟಿಮೀಟರ್ ಇದೆ, ಬೆಸುಗೆ ಹಾಕಲು ಬರುತ್ತದೆ. ಎಲ್ಲಿಂದ ಶುರುಮಾಡಲಿ?

ಮೀಟರ್ ಮೊದಲು:
ಆರ್ಮೇಚರ್‌ಗೆ ಈಗಲೇ ದುಡ್ಡು ಹಾಕಬೇಡಿ ಸರ್. ಪೂರ್ತಿ ಸದ್ದಿಲ್ಲ ಎಂದರೆ ದಾರಿಯಲ್ಲಿ ಎಲ್ಲೋ ಕರೆಂಟು ಕಡಿದಿದೆ, ಅಷ್ಟೇ. ಆರ್ಮೇಚರ್ ಸುಟ್ಟಾಗ ಸಾಮಾನ್ಯವಾಗಿ ಸುಟ್ಟ ವಾಸನೆ, ಗುಂಯ್ ಸದ್ದು, ಜೋರು ಕಿಡಿ ಇರುತ್ತದೆ.

ಪ್ಲಗ್ ಕಿತ್ತು ಪಕ್ಕಕ್ಕಿಡಿ. ಮೀಟರನ್ನು 200 ಓಮ್‌ಗೆ ಇಟ್ಟು ಪ್ಲಗ್ಗಿನ ಎರಡು ಪಿನ್‌ಗಳಿಗೆ ಹಿಡಿಯಿರಿ. ಮುಂದಿನ ಹಿಡಿಯ ಸ್ವಿಚ್ಚು, ಹಿಂದಿನ ಟ್ರಿಗರ್ ಎರಡನ್ನೂ ಒತ್ತಿರಬೇಕು, ಯಾಕೆಂದರೆ ಬಹಳ ಮಾದರಿಗಳಲ್ಲಿ ಅವೆರಡೂ ಒಂದೇ ಸಾಲಿನಲ್ಲಿರುತ್ತವೆ. ಈ ಗಾತ್ರದ ಮೋಟರ್‌ನಲ್ಲಿ ಸುಮಾರು ಹತ್ತರಿಂದ ಮೂವತ್ತು ಓಮ್ ಒಳಗೆ ಬರಬೇಕು. ಏನೂ ಬರದಿದ್ದರೆ ಹಾಗೇ ಹಿಡಿದುಕೊಂಡು, ಹಿಡಿಯೊಳಗೆ ಕೇಬಲ್ ನುಗ್ಗುವ ರಬ್ಬರ್ ಕೊಳವೆಯ ಹತ್ತಿರ ಅದನ್ನು ಬಗ್ಗಿಸಿ ನೋಡಿ. ಅಂಕಿ ಬಂದು ಹೋದರೆ ತಂತಿ ಅಲ್ಲೇ ತುಂಡಾಗಿದೆ. ನೀವು ಹೇಳಿದ ಲಕ್ಷಣಕ್ಕೆ ನನ್ನ ಮೊದಲ ಅನುಮಾನವೂ ಅದೇ. ಕೇಬಲ್ ಸರಿಯಿದ್ದರೆ ಬ್ಲೇಡನ್ನು ಕೈಯಿಂದ ನಿಧಾನ ಸರಿಸುತ್ತಾ ಅಳೆಯಿರಿ (ದಪ್ಪ ಕೈಗವಸು ಹಾಕಿ). ಆಗ ಅಂಕಿ ಜಿಗಿದರೆ ಕಾರ್ಬನ್ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟು ಕೊಡುವ ಇದ್ದಿಲಿನ ತುಂಡು) ಕಮ್ಯುಟೇಟರ್‌ಗೆ, ಅಂದರೆ ಆರ್ಮೇಚರ್ ತುದಿಯ ತಾಮ್ರದ ಪಟ್ಟಿಗಳ ಉರುಳೆಗೆ, ಸರಿಯಾಗಿ ತಾಗುತ್ತಿಲ್ಲ. ಒಳಗೆ ಎಲೆಕ್ಟ್ರಾನಿಕ್ ಬೋರ್ಡ್ ಇರುವ ಮಾದರಿಯಾದರೆ ಮಾತ್ರ ಈ ಅಳತೆ ನಂಬಬೇಡಿ.

ಕಾರ್ಬನ್ ಡಬ್ಬಿ:
ಬಿಚ್ಚುವ ಮುಂಚೆ ಒಂದು ಮಾತು. ಸ್ಕ್ರೂಗಳ ತಲೆ ನಕ್ಷತ್ರದ ಹಾಗಿದ್ದರೆ ಟಿ15 ಅಥವಾ ಟಿ20 ಬಿಟ್ ಬೇಕು. ಮೇಲಿನ ಚಿಪ್ಪನ್ನು ಎತ್ತಿದ ಕೂಡಲೇ ಫೋಟೋ ತೆಗೆಯಿರಿ. ಟ್ರಿಗರ್ ಸ್ಪ್ರಿಂಗ್ ಹಾರಿ ಎಲ್ಲಿ ಬಿತ್ತೋ ಗೊತ್ತಾಗುವುದಿಲ್ಲ.

ಕಾರ್ಬನ್ ಸವೆದು 5 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಉಳಿದಿದ್ದರೆ ಜೋಡಿಯನ್ನೇ ಬದಲಿಸಿ, ಒಂದನ್ನೇ ಅಲ್ಲ. ದಪ್ಪ, ಅಗಲ, ಉದ್ದ ಮೂರನ್ನೂ ಕ್ಯಾಲಿಪರ್‌ನಲ್ಲಿ ಅಳೆದುಕೊಂಡು ಹೋಗಿ. ಗೂಡಿನಲ್ಲಿ ಬ್ರಷ್ ತನ್ನಷ್ಟಕ್ಕೆ ಜಾರಬೇಕು. ಬಿಗಿಯಾದರೆ ಪಕ್ಕದ ಮುಖವನ್ನು ಸ್ವಲ್ಪ ಉಜ್ಜಬಹುದು, ಕಮ್ಯುಟೇಟರ್‌ಗೆ ತಾಗುವ ತುದಿಯನ್ನಲ್ಲ.

ಕಮ್ಯುಟೇಟರ್ ನಯವಾಗಿ ಕಂದು ಬಣ್ಣಕ್ಕಿದ್ದರೆ ಮುಟ್ಟಬೇಡಿ, ಅದು ಆರೋಗ್ಯದ ಬಣ್ಣ. ಕಪ್ಪು ಹತ್ತಿದ್ದರೆ 600 ನಂಬರಿನ ಗಾಜುಪುಡಿ ಕಾಗದ ಸುತ್ತಿ ಮೆಲ್ಲಗೆ ತಿರುಗಿಸಿ. ಎಮರಿ ಬೇಡ, ಅದರ ಕಣಗಳು ತಾಮ್ರದ ಪಟ್ಟಿಗಳ ನಡುವೆ ಸಿಕ್ಕಿ ತೊಂದರೆ ಕೊಡುತ್ತವೆ. ಪಟ್ಟಿಗಳ ನಡುವಿನ ಸಂದಿಯಲ್ಲಿ ಕೂತ ಕಾರ್ಬನ್ ಪುಡಿಯನ್ನು ಹಲ್ಲುಕಡ್ಡಿಯಿಂದ ತೆಗೆಯಿರಿ. ಆಮೇಲೆ ಪಕ್ಕಪಕ್ಕದ ಪಟ್ಟಿಗಳನ್ನು ಜೋಡಿಜೋಡಿಯಾಗಿ ಅಳೆಯಿರಿ: ಎಲ್ಲ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಜೋಡಿ ಮಾತ್ರ ಬೇರೆ ಬಂದರೆ, ಅಥವಾ ಪಟ್ಟಿಗೂ ಶಾಫ್ಟ್‌ಗೂ ಸಂಪರ್ಕ ತೋರಿದರೆ, ಆಗ ಅಂಗಡಿಯವರ ಮಾತು ನಿಜ. ಬ್ರಷ್ ಕೆಳಗೆ ಸಣ್ಣ ನೀಲಿ ಕಿಡಿ ಸಹಜ, ಸುತ್ತಲೂ ಬೆಂಕಿಯ ಉಂಗುರ ಕಂಡರೆ ಅಲ್ಲ.

ಎಲ್ಲ ಜೋಡಿಸಿದ ಮೇಲೆ 100 ವ್ಯಾಟ್ ಬಲ್ಬಿನ ಸೀರೀಸ್ ಬೋರ್ಡಿನಲ್ಲಿ (ಕರೆಂಟು ಬಲ್ಬಿನ ಮೂಲಕವೇ ಯಂತ್ರಕ್ಕೆ ಹೋಗುವ ಬೋರ್ಡು) ಹಾಕಿ ನೋಡಿ.

ಮೀಟರ್ ಮೊದಲು:
ಕೊನೆಯ ಮಾತಿಗೆ ಒಂದು ತಿದ್ದುಪಡಿ. 100 ವ್ಯಾಟ್ ಬಲ್ಬ್ ಉರಿಯುವಾಗ ಅದರ ರೋಧ 529 ಓಮ್, ಮೋಟರ್‌ದು ಇಪ್ಪತ್ತರ ಆಸುಪಾಸು. ಮೋಟರ್‌ಗೆ ಸಿಗುವ ವೋಲ್ಟೇಜ್ ತಿರುಗಲೂ ಸಾಲದು. ಮೋಟರ್ ಚೆನ್ನಾಗಿದ್ದರೂ ಶಾರ್ಟ್ ಆಗಿದ್ದರೂ ಬಲ್ಬ್ ಹೆಚ್ಚುಕಡಿಮೆ ಪೂರ್ತಿಯೇ ಉರಿಯುತ್ತದೆ, ಏನೂ ತಿಳಿಯುವುದಿಲ್ಲ. 500 ವ್ಯಾಟ್ ಹ್ಯಾಲೊಜೆನ್ ಆದರೆ ಉಪಯೋಗ. ಅದಕ್ಕಿಂತ ಮುಖ್ಯ, ಮೆಗ್ಗರ್ (ಕರೆಂಟು ಸೋರುತ್ತಿದೆಯೇ ಎಂದು ಹೆಚ್ಚು ವೋಲ್ಟೇಜಿನಲ್ಲಿ ಅಳೆಯುವ ಮೀಟರ್) ಸಿಕ್ಕರೆ ಸ್ವಿಚ್ ಒತ್ತಿ ಹಿಡಿದು, ಪಿನ್‌ಗೂ ಬ್ಲೇಡಿಗೂ 500 ವೋಲ್ಟ್‌ನಲ್ಲಿ ಅಳೆಯಿರಿ. 2 ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಬಳಸಲೇಬೇಡಿ.

ಹಿತ್ತಿಲ ಬೇಲಿ:
ಅಳೆದೆ. ಕೇಬಲ್ ಬಗ್ಗಿಸಿದರೆ 18 ಓಮ್ ಬರುತ್ತದೆ, ಬಿಟ್ಟರೆ ಏನೂ ಇಲ್ಲ. ಬ್ರಷ್ ಒಂದು 9 ಮಿ.ಮೀ., ಇನ್ನೊಂದು 5. ಪಟ್ಟಿಗಳೆಲ್ಲ ಒಂದೇ ಅಳತೆ. ಕೇಬಲ್ ತುಂಡಾದ ಕಡೆ ಸೇರಿಸಿ ಟೇಪ್ ಸುತ್ತಿದರೆ ಸಾಕೇ?

ಮೀಟರ್ ಮೊದಲು:
ಬೇಡ. ಟೇಪ್ ಸುತ್ತಿದ ಗಂಟು ಒದ್ದೆ ಹುಲ್ಲಿನ ಮೇಲೆ ಎಳೆದಾಡುತ್ತದೆ. ಹಿಡಿಯ ಕಡೆಯ ತುದಿಯಿಂದ 20 ಸೆಂ.ಮೀ. ಕತ್ತರಿಸಿ ಎಸೆದು, ಉಳಿದ ಕೇಬಲನ್ನೇ ರಬ್ಬರ್ ಕೊಳವೆಯಲ್ಲಿ ತೂರಿಸಿ ಸ್ವಿಚ್ಚಿಗೆ ಕೊಡಿ. ಒಳಗಿನ ಕ್ಲ್ಯಾಂಪ್ ಹೊರಕವಚವನ್ನು ಕಚ್ಚಬೇಕು, ಬರಿಯ ಎಳೆಗಳನ್ನಲ್ಲ. ಚೌಕದೊಳಗೆ ಚೌಕದ ಗುರುತಿದ್ದರೆ ಅದು ಎರಡು ಪದರ ನಿರೋಧಕದ ಯಂತ್ರ, ಅರ್ತ್ ವೈರ್ ಇರುವುದಿಲ್ಲ, ಗಾಬರಿಯಾಗಬೇಡಿ. ಚಿಪ್ಪು ಮುಚ್ಚುವಾಗ ವೈರ್‌ಗಳು ತಮ್ಮ ತೋಡಿನಲ್ಲೇ ಕೂತಿರಲಿ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಕಡಿಯುವ ಸ್ವಿಚ್ಚು) ಇರುವ ಸಾಕೆಟ್ಟಿನಲ್ಲೇ ಓಡಿಸಿ. ಮುಂದಿನ ಹಿಡಿಯ ಸ್ವಿಚ್ಚನ್ನು ತಪ್ಪಿಸಿ ಯಾವ ಕಾರಣಕ್ಕೂ ವೈರ್ ನೇರ ಸೇರಿಸಬೇಡಿ. ಇನ್ನೊಂದು ಕೈ ಬ್ಲೇಡಿನಿಂದ ದೂರ ಇರುವುದು ಅದರಿಂದಲೇ.

ಕಾರ್ಬನ್ ಡಬ್ಬಿ:
ಬ್ರಷ್ ಸವೆತದಲ್ಲಿ ಇಷ್ಟು ಅಂತರ ಇದ್ದರೆ ಒಂದು ಕಡೆಯ ಸ್ಪ್ರಿಂಗ್ ಸೋತಿರಬೇಕು, ಇಲ್ಲವೇ ಬ್ರಷ್ ಗೂಡಿನಲ್ಲಿ ಅಂಟಿಕೊಂಡಿರಬೇಕು. ಗೂಡನ್ನು ಒಣ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ಹೊಸ ಜೋಡಿ ಹಾಕಿದ ಮೇಲೆ ಐದು ನಿಮಿಷ ಏನನ್ನೂ ಕತ್ತರಿಸದೆ ಓಡಿಸಿ, ತುದಿ ಕಮ್ಯುಟೇಟರ್‌ನ ದುಂಡಿಗೆ ಹೊಂದಿಕೊಳ್ಳಲಿ.

ಬ್ಲೇಡಿನಲ್ಲಿ ಗಿಡದ ಅಂಟು ಒಣಗಿದ್ದರೆ ಮೋಟರ್ ಅನವಶ್ಯಕವಾಗಿ ದುಡಿಯುತ್ತದೆ. ಪ್ಲಗ್ ಕಿತ್ತು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಲಿಗೆಯಂತ್ರದ ಎಣ್ಣೆ ಹನಿಸಿ. ಲಾಕ್‌ನಟ್ ಇರುವ ಬ್ಲೇಡಾದರೆ ಬೋಲ್ಟನ್ನು ಪೂರ್ತಿ ಬಿಗಿ ಮಾಡಿ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ, ಬೋಲ್ಟ್ ಅಲ್ಲಾಡದಂತೆ ಹಿಡಿದು ನಟ್ ಬಿಗಿಯಿರಿ. ಗೇರ್ ಪೆಟ್ಟಿಗೆಯ ಗ್ರೀಸ್ ಗಟ್ಟಿಯಾಗಿದ್ದರೆ ಒರೆಸಿ, ಲಿಥಿಯಂ ಗ್ರೀಸನ್ನು ಅರ್ಧ ಮಾತ್ರ ತುಂಬಿ. ಪೂರ್ತಿ ತುಂಬಿದರೆ ಬಿಸಿಗೆ ಕರಗಿ ಕಮ್ಯುಟೇಟರ್ ಕಡೆಗೆ ಹರಿಯುತ್ತದೆ.