ಕಾಂಟ್ಯಾಕ್ಟ್ ಫಾರ್ಮ್ 7: ಸಿಎಸ್ಎಸ್ ಎಲ್ಲಿ ಬರೆಯಬೇಕು?

ಪ್ರಶ್ನೆ: ನನ್ನ ವರ್ಡ್‌ಪ್ರೆಸ್ ಸೈಟಿನಲ್ಲಿ ಸಂಪರ್ಕ ಫಾರ್ಮಿಗೆ ಕಾಂಟ್ಯಾಕ್ಟ್ ಫಾರ್ಮ್ 7 ಪ್ಲಗಿನ್ ಇದೆ. ಅದರ ಸಬ್ಮಿಟ್ ಬಟನ್ನಿನ ಬಣ್ಣ ಬದಲಿಸಲು ಪ್ಲಗಿನ್ನಿನ ಸ್ಟೈಲ್ ಫೈಲಿನಲ್ಲಿರುವ ಸಿಎಸ್ಎಸ್ (ಪುಟದ ಬಣ್ಣ, ವಿನ್ಯಾಸ ಹೇಳುವ ಕೋಡ್) ಅನ್ನೇ ತಿದ್ದಿದ್ದೆ. ಅಪ್‌ಡೇಟ್ ಆದಮೇಲೆ ಎಲ್ಲ ಮಾಯ. ಸರಿಯಾದ ಜಾಗ ಯಾವುದು?

ಉತ್ತರ 1: ಅಪ್‌ಡೇಟ್ ಆಗುವಾಗ ಪ್ಲಗಿನ್ನಿನ ಇಡೀ ಫೋಲ್ಡರೇ ಬದಲಾಗುತ್ತದೆ, ಅಲ್ಲಿ ಕೈ ಹಾಕಲೇಬೇಡಿ. ಅಪಿಯರೆನ್ಸ್, ಕಸ್ಟಮೈಸ್, ಅಡಿಷನಲ್ ಸಿಎಸ್ಎಸ್‌ಗೆ ಹೋಗಿ ಅಲ್ಲಿ ಬರೆಯಿರಿ. ವರ್ಡ್‌ಪ್ರೆಸ್ 4.7ರಿಂದ ಈ ಸೌಲಭ್ಯ ಇದೆ. ಬ್ಲಾಕ್ ಥೀಮ್ (ಇಡೀ ಸೈಟನ್ನು ಬ್ಲಾಕ್‌ಗಳಿಂದಲೇ ಕಟ್ಟುವ ಥೀಮ್) ಆದರೆ ಎಡಿಟರ್‌ನ ಸ್ಟೈಲ್ಸ್‌ನಲ್ಲಿ ಮೂರು ಚುಕ್ಕಿ ಒತ್ತಿ, ಅಡಿಷನಲ್ ಸಿಎಸ್ಎಸ್ ಆರಿಸಿ.

ಉತ್ತರ 2: ಒಂದು ಎಚ್ಚರಿಕೆ: ಅಲ್ಲಿ ಬರೆದದ್ದು ಆಯಾ ಥೀಮಿಗೆ ಮಾತ್ರ ಅಂಟಿಕೊಂಡಿರುತ್ತದೆ. ಥೀಮ್ ಬದಲಿಸುವ ಮುನ್ನ ನಕಲು ಮಾಡಿಟ್ಟುಕೊಳ್ಳಿ. ನೂರಾರು ಸಾಲು ಇದ್ದರೆ ಚೈಲ್ಡ್ ಥೀಮ್ (ಮೂಲ ಥೀಮನ್ನು ಮುಟ್ಟದೆ ಬದಲಾವಣೆಗಳನ್ನು ಬೇರೆಯಾಗಿಡುವ ಉಪಥೀಮ್) ವಾಸಿ.

ಪ್ರಶ್ನೆ ಕೇಳಿದವರು: ಹಾಕಿದೆ, ಬಣ್ಣ ಬದಲಾಗಿಲ್ಲ.

ಉತ್ತರ 2: ಮೊದಲು ಕ್ಯಾಶ್ (ಉಳಿಸಿಟ್ಟ ಹಳೆಯ ಪುಟದ ಪ್ರತಿ) ಖಾಲಿ ಮಾಡಿ. ಆಮೇಲೆ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಇನ್ಸ್‌ಪೆಕ್ಟ್ ತೆರೆಯಿರಿ. ನಿಮ್ಮ ಸಾಲಿನ ಮೇಲೆ ಅಡ್ಡಗೆರೆ ಇದ್ದರೆ ಥೀಮಿನ ಸೆಲೆಕ್ಟರ್ (ಯಾವ ಭಾಗಕ್ಕೆ ಸ್ಟೈಲ್ ಅನ್ವಯಿಸಬೇಕೆಂದು ಹೇಳುವ ಹೆಸರು) ಹೆಚ್ಚು ಬಲವಾಗಿದೆ ಎಂದರ್ಥ. ನಿಮ್ಮ ಸೆಲೆಕ್ಟರ್ ಮುಂದೆ ಫಾರ್ಮಿನ ಕ್ಲಾಸನ್ನೂ ಸೇರಿಸಿ. ಉಳಿದ ನಿಯಮಗಳನ್ನು ಮೀರಿಸುವ !important (ಇಂಪಾರ್ಟೆಂಟ್) ಹಾಕುವುದು ಕೊನೆಯ ದಾರಿ, ಮುಂದೆ ತಿದ್ದುವವರಿಗೆ ಅದು ತಲೆನೋವು.