ಎಕ್ಸೆಲ್ಲಲ್ಲಿ ಹಕ್ಕಿ ಹೊಡೆಯೋ ವಾಸು

ವಾಸು ಲ್ಯಾಪ್‌ಟಾಪ್ ತೆಗೆದ ಅಂದ್ರೆ ಆ ಸಂಜೆ ಮುಗೀತು ಅಂತಾನೇ ಲೆಕ್ಕ. ಗಾಳಿಗೆ ಹಾರಿಸಿದ ತಟ್ಟೆ ಹೊಡೆಯೋ ಸ್ಕೀಟ್ ಆಟಕ್ಕೆ ಸೆಮಿ ಆಟೋಮ್ಯಾಟಿಕ್ ಶಾಟ್‌ಗನ್ ತಗೋಬೇಕಂತೆ, ಅದಕ್ಕೊಂದು ಎಕ್ಸೆಲ್ ಶೀಟು, ಬಲಗಡೆಗೆ ಎಳೀತಾ ಹೋದ್ರೆ ಕಾಲಮ್ಮು ಮುಗಿಯೋದೇ ಇಲ್ಲ, ತೂಕ, ನಳಿಗೆ ಉದ್ದ, ಚೇಂಬರ್, ಚೋಕ್, ಬೋಲ್ಟ್ ಹಿಡಿ ಎಷ್ಟು ದಪ್ಪ, ಕೊನೇಲಿ ಯೂಟ್ಯೂಬ್ ಮಾರ್ಕ್ಸು ಅಂತ ಬೇರೆ.

"ಸೋಸಿ ಸೋಸಿ ಈಗ ಒಂದೇ ಪ್ರಶ್ನೆಗೆ ತಂದಿದೀನಿ," ಅಂದ. "ಗ್ಯಾಸಾ, ಇನರ್ಷಿಯಾನಾ?"

"ನಂಗೆ ಗ್ಯಾಸೇ, ಬೆಳಿಗ್ಗೆಯಿಂದ," ಅಂದ ಸೀನಿ ಹೊಟ್ಟೆ ಸವರ್ಕೊಂಡು.

"ಥೂ, ಅದಲ್ವೋ. ತೋಟಾ ಸಿಡಿದಾಗ ನಳಿಗೆಯೊಳಗೆ ಗ್ಯಾಸ್ ಬರತ್ತಲ್ಲ, ಅದ್ರಲ್ಲಿ ಒಂಚೂರು ಕದ್ದು ಪಿಸ್ಟನ್ ತಳ್ಳಿ, ಖಾಲಿ ತೋಟಾ ಎಸೆದು ಹೊಸದು ಹಾಕ್ಕೊಳ್ಳತ್ತೆ. ಒದೆತ ಕಮ್ಮಿ."

"ಮಸಿ ಜಾಸ್ತಿ," ಅಂದ್ರು ಸುಮಕ್ಕ. "ಕದ್ದ ಮಾಲು ಅಲ್ವಾ, ಕೈಗೆ ಅಂಟೇ ಅಂಟತ್ತೆ. ಸಂಜೆ ಕೂತು ಪಿಸ್ಟನ್ ಉಜ್ಜೋರು ಯಾರು, ಅದೊಂದು ಕಾಲಮ್ ಹಾಕ್ಕೋ."

ವಾಸು ನಿಜವಾಗ್ಲೂ ಹಾಕ್ಕೊಂಡ.

ಇನ್ನೊಂದನ್ನ ವಿವರಿಸೋ ಸರದಿ ರಾಯರು ಬಿಡಲಿಲ್ಲ. ಬಸ್ಸು ದಡಕ್ಕಂತ ಹೊರಟಾಗ ನಿಂತಿರೋನು ಇದ್ದಲ್ಲೇ ಇರೋಕೆ ನೋಡಿ ತೂರಾಡ್ತಾನಲ್ಲ, ಹಂಗೇ ಬಂದೂಕೆಲ್ಲ ಹಿಂದಕ್ಕೆ ಒದ್ದಾಗ ತೋಟಾ ಹಿಂದೆ ಬಾಗಿಲಿನ ಥರ ಮುಚ್ಕೊಂಡಿರೋ ಬೋಲ್ಟ್ ಮಾತ್ರ ಇದ್ದಲ್ಲೇ ಇರೋಕೆ ನೋಡತ್ತೆ, ನಡುವೆ ಒಂದು ಗಟ್ಟಿ ಸ್ಪ್ರಿಂಗ್ ಅಮುಕ್ಕೊಂಡು ಆಮೇಲೆ ಬೋಲ್ಟನ್ನ ಹಿಂದಕ್ಕೆ ಹಾರಿಸತ್ತೆ ಅಂದ್ರು. ಗ್ಯಾಸು, ಪಿಸ್ಟನ್ನು ಯಾವ್ದೂ ಇಲ್ಲ, ಹಗುರ, ಕೊಳೇನೂ ಕಮ್ಮಿ. "ಆದ್ರೆ ಕೆಲಸ ಆಗೋದೇ ಒದೆತದಿಂದ ನೋಡಿ. ಹಗುರ ತೋಟಾ ಹಾಕಿದ್ರೆ, ಇಲ್ಲಾ ಭುಜಕ್ಕೆ ಸರಿಯಾಗಿ ಒತ್ಕೊಳ್ದೆ ಇದ್ರೆ, ಕೆಲವು ಸಲ ಖಾಲಿ ತೋಟಾ ಅಲ್ಲೇ ಸಿಕ್ಕಾಕ್ಕೊಳ್ಳತ್ತೆ."

"ಅಂದ್ರೆ ಹೊಡೆತ ತಿಂದ್ರೇನೇ ಕೆಲಸ ಮಾಡೋ ಜಾತಿ," ಅಂದ ಸೀನಿ. "ನಮ್ಮ ವಾಸು ಥರ."

ವಾಸು ಕೇಳಿಸ್ಕೊಳ್ಳಲಿಲ್ಲ. "ಸುಮಕ್ಕ, ಇದು ನೋಡಿ, ಇದು ಒಂದು ಸೆಕೆಂಡಲ್ಲಿ ನಾಲ್ಕು ಹೊಡೆಯತ್ತಂತೆ!"

"ಸ್ಕೀಟಲ್ಲಿ ಒಂದು ತಟ್ಟೆಗೆ ಎಷ್ಟು ಗುಂಡು?"

"ಒಂದು."

"ಜೋಡಿ ಬಿಟ್ರೆ?"

"ಎರಡು."

"ಹಂಗಿದ್ರೆ ಮಿಕ್ಕಿದ್ದು ಯಾರಿಗಪ್ಪಾ? ಮೊದಲನೇದು ತಟ್ಟೆ ಹಿಂದೆ ಹೋಗಿದ್ರೆ, ನೀನು ಗಾಬರಿಯಲ್ಲಿ ಟ್ರಿಗರ್ ಎಳೆದ ಎರಡನೇದೂ ಅಲ್ಲಿಗೇ ಹೋಗತ್ತೆ, ಮೂರನೇದೂ ಅಲ್ಲಿಗೇ. ತಪ್ಪೋದಕ್ಕೆ ಅಷ್ಟು ಅವಸರ ಯಾಕೆ?"

ಅಷ್ಟಕ್ಕೆ ವಾಸು ಸುಮ್ನಾಗೋನಲ್ಲ. ಚೇಂಬರ್, ಅಂದ್ರೆ ತೋಟಾ ಕೂರೋ ಗೂಡು, ಮೂರೂವರೆ ಇಂಚು ಇರೋದೇ ತಗೋತೀನಿ, ಚಿಕ್ಕದು ದೊಡ್ಡದು ಎಲ್ಲಾ ತೋಟಾನೂ ಹಾಕ್ಬೋದು, ಮುಂದೆ ಯಾವತ್ತಾದ್ರೂ ಬೇಕಾಗತ್ತೆ ಅಂತ ಶುರು ಹಚ್ಕೊಂಡ. ಈ 'ಮುಂದೆ ಯಾವತ್ತಾದ್ರೂ' ಅನ್ನೋ ಮಾತಿಗೇ ಜಗತ್ತಿನ ಅರ್ಧ ಸಾಮಾನು ಮಾರಾಟ ಆಗೋದು. ಅಷ್ಟುದ್ದದ ತೋಟಾ ಹೆಬ್ಬಾತಿನಂಥ ಎತ್ತರದ ದೊಡ್ಡ ಹಕ್ಕಿಗೆ. ತಟ್ಟೆಗೆ 70 ಮಿಲಿಮೀಟರ್ ತೋಟಾ, ಒಳಗೆ 28 ಗ್ರಾಂ ಚರೆ ಅನ್ನೋ ಸಣ್ಣ ಗುಂಡಿನ ಕಾಳು, ಒಲಿಂಪಿಕ್ಸಲ್ಲಂತೂ 24 ಗ್ರಾಂ ದಾಟೋ ಹಂಗೇ ಇಲ್ಲ. ದೊಡ್ಡದಕ್ಕೆ ಅಂತ ಮಾಡಿದ ಬಂದೂಕು ಎಷ್ಟೋ ಸಲ ಈ ಸಣ್ಣ ತೋಟಾನ ಲೆಕ್ಕಕ್ಕೇ ಇಟ್ಕೊಳ್ಳಲ್ಲ.

"12 ಬೋರ್ ಅಂತೂ ಗ್ಯಾರಂಟಿ ತಾನೇ?" ಅಂದ ವಾಸು.

ರಾಯರಿಗೆ ಇಂಥ ಪ್ರಶ್ನೆ ಕೇಳಬಾರದು. "12 ಯಾಕೆ ಅಂತ ಗೊತ್ತೇನೋ? ಒಂದು ಪೌಂಡ್ ಸೀಸಾನ ಸಮವಾಗಿ 12 ಉಂಡೆ ಮಾಡಿದ್ರೆ ಒಂದೊಂದು ಉಂಡೆ ಎಷ್ಟು ದಪ್ಪ ಬರತ್ತೋ ಅಷ್ಟು ನಳಿಗೆ ಬಾಯಿ. 20 ಮಾಡಿದ್ರೆ ಉಂಡೆ ಸಣ್ಣದು, ಬಾಯೂ ಸಣ್ಣದು. ನಂಬರ್ ಇಳಿದಷ್ಟೂ ಬಾಯಿ ದೊಡ್ಡದಾಗತ್ತೆ."

"ಹಂಗಿದ್ರೆ ಸೀನಿ ಒಂದನೇ ನಂಬರ್," ಅಂದ್ರು ಸುಮಕ್ಕ.

ಸೀನಿ ಬಾಯ್ತೆಗೆಯೋದ್ರೊಳಗೆ ಅವರು ವಾಸು ಕಡೆ ತಿರುಗಿದ್ರು. "ಎಲ್ಲಾ ಸರಿ ಮಾರಾಯ. ಈ ಶೀಟಲ್ಲಿ ಹೊಡೆಯೋನ ಕಾಲಮ್ ಎಲ್ಲಿ?"

"ಹೊಡೆಯೋನು ನಾನೇ ಅಲ್ವಾ?"

"ಅದೇ, ನೀನು ಎಲ್ಲಿ? ನಿನ್ನ ಕೈ ಎಷ್ಟುದ್ದ, ಕತ್ತು ಎಷ್ಟುದ್ದ, ಭುಜಕ್ಕೆ ಒತ್ಕೊಳ್ಳೋ ಹಿಂಭಾಗ, ಆ ಸ್ಟಾಕಿಗೆ ಕೆನ್ನೆ ಇಟ್ರೆ ಕಣ್ಣು ಎಲ್ಲಿಗೆ ಬರತ್ತೆ? ರೈಫಲ್ಲಿಗಾದ್ರೆ ಗುರಿ ನೋಡೋಕೆ ಹಿಂದೊಂದು ಸೈಟ್ ಇರತ್ತೆ. ಶಾಟ್‌ಗನ್ನಿಗೆ ಹಿಂದಿನ ಸೈಟ್ ಅಂದ್ರೆ ನಿನ್ನ ಕಣ್ಣೇ. ಅದು ಅರ್ಧ ಇಂಚು ಮೇಲೆ ಕೂತ್ರೆ ಚರೆ ತಟ್ಟೆ ಮೇಲಿಂದ ಹೋಗತ್ತೆ, ಬಂದೂಕಿಗೆ ಯೂಟ್ಯೂಬ್ ಎಷ್ಟೇ ಮಾರ್ಕ್ಸ್ ಕೊಟ್ಟಿರ್ಲಿ. ಎದ್ದು ನಿಂತ್ಕೋ. ಎರಡೂ ಕೈ ಮುಂದೆ ಚಾಚು, ಅಂಗೈ ಕೂಡಿಸಿ ಮಧ್ಯ ಒಂದು ಸಣ್ಣ ತೂತು ಮಾಡು. ಎರಡೂ ಕಣ್ಣು ಬಿಟ್ಕೊಂಡು ಆ ತೂತಲ್ಲಿ ಸೀನಿ ಮೂಗು ನೋಡು."

ವಾಸು ನೋಡಿದ. ಸೀನಿ ಮೂಗು ಸಣ್ಣದೇನಲ್ಲ, ತೂತು ತುಂಬಾ ಅದೇ ಇತ್ತಂತೆ.

"ಈಗ ಎಡಗಣ್ಣು ಮುಚ್ಚು."

"ಅರೆ! ಮೂಗು ಹೋಯ್ತು!"

"ಎಲ್ಲಿಗೋ ಹೋಯ್ತು?" ಅಂತ ಸೀನಿ ಮುಟ್ಟಿ ನೋಡ್ಕೊಂಡ.

"ನೋಡಿದ್ಯಾ? ಯಜಮಾನಿಕೆ ಎಡಗಣ್ಣಿಂದು, ಬಂದೂಕು ಹಿಡಿಯೋದು ಬಲಭುಜಕ್ಕೆ. ನೀನು ಬಲಗಡೆ ನಳಿಗೆ ಇಟ್ಕೊಂಡು ಎಡಗಣ್ಣಲ್ಲಿ ಗುರಿ ನೋಡ್ತೀಯ. ಇಷ್ಟು ದಿನ ತಟ್ಟೆ ನಿನ್ನ ನೋಡಿ ನಗ್ತಾ ಹೋಗ್ತಿದ್ದಿದ್ದು ಅದಕ್ಕೇ."

ಒಂದೋ ಎಡಗಣ್ಣು ಮುಚ್ಬೇಕು, ಇಲ್ಲಾ ಕನ್ನಡಕದ ಎಡಗಾಜಿಗೆ ಸಣ್ಣ ಟೇಪ್ ಅಂಟಿಸ್ಬೇಕು, ಅದೂ ಆಗಲ್ಲ ಅಂದ್ರೆ ಎಡಭುಜಕ್ಕೆ ಬದಲಾಯಿಸ್ಬೇಕು. ಎಡಭುಜ ಅಂದ್ರೆ ಮಾಮೂಲಿ ಬಂದೂಕಲ್ಲಿ ಖಾಲಿ ತೋಟಾ ಮುಖದ ಮುಂದೇನೇ ಹಾರತ್ತೆ, ಎಡಗೈಯೋರಿಗೆ ಅಂತಾನೇ ಮಾಡಿದ್ದು ಕೆಲವೇ ಮಾಡೆಲ್ಲು. ವಾಸು 'ಕಣ್ಣು' ಅಂತ ಹೊಸ ಕಾಲಮ್ ಸೇರಿಸಿ ಫಿಲ್ಟರ್ ಒತ್ತಿದ. ಶೀಟು ಬೆಳ್ಳಗಾಯ್ತು. ಒಂದೇ ಒಂದು ಸಾಲೂ ಉಳೀಲಿಲ್ಲ.

ಅವನ ಮುಖ ನೋಡಿ ರಾಯರಿಗೆ ಪಾಪ ಅನ್ನಿಸ್ತೋ ಏನೋ, ತಮ್ಮ ಹಳೇ ಗೂನುಬೆನ್ನಿನ ಬ್ರೌನಿಂಗ್ ಆಟೋ-5 ಕತೆ ತೆಗೆದ್ರು. 1900ರಲ್ಲಿ ಜಾನ್ ಬ್ರೌನಿಂಗ್ ಪೇಟೆಂಟ್ ಪಡೆದ ಡಿಸೈನು, ಗ್ಯಾಸೂ ಇಲ್ಲ, ಇನರ್ಷಿಯಾನೂ ಇಲ್ಲ, ಪ್ರತಿ ಗುಂಡಿಗೂ ನಳಿಗೆಗೆ ನಳಿಗೇನೇ ಬೋಲ್ಟ್ ಜೊತೆ ಹಿಂದಕ್ಕೆ ಸರಿದು ಮತ್ತೆ ಮುಂದಕ್ಕೆ ಹೋಗತ್ತೆ, ಒಳಗೆ ಯಾರೋ ಕಬ್ಬಿಣದ ಬಾಗಿಲು ಹಾಕಿ ತೆಗೆದ ಸದ್ದು.

"ಅದ್ರಲ್ಲಿ ಹಕ್ಕಿಗೆ ಹೋಗ್ತಿದ್ದೆ. ಜೊತೆಗೆ ಒಂದು ನಾಯಿ. ನಾನು ತಪ್ಪಿಸಿದಾಗೆಲ್ಲ ಅದು ತಿರುಗಿ ನನ್ನೇ ನೋಡೋದು. ಬೊಗಳ್ತಿರ್ಲಿಲ್ಲ, ಬರೀ ನೋಡೋದು. ಬಂದೂಕು ಯಾರು ಮಾಡಿದ್ದು, ಯಾವ ಇಸವಿದು, ಅದಕ್ಕೇನು ಗೊತ್ತು? ಹಕ್ಕಿ ಬಿತ್ತಾ ಇಲ್ವಾ, ಅಷ್ಟೇ. ಅದು ಸತ್ತ ಮೇಲೆ ನಾನು ತಟ್ಟೆಗೆ ಬಂದೆ. ಈಗ ತಪ್ಪಿಸಿದ್ರೂ ತಿರುಗಿ ನೋಡೋರು ಯಾರೂ ಇಲ್ಲ."

"ನಾನಿದೀನಲ್ಲ ರಾಯರೇ," ಅಂದ ಸೀನಿ.

"ನೀನು ನೋಡೋದಷ್ಟೇ ಆಗಿದ್ರೆ ಪರವಾಗಿರ್ಲಿಲ್ಲಪ್ಪ."

ಸುಮಕ್ಕ ನಗು ತಡ್ಕೊಂಡು ವಾಸುಗೆ ಹೇಳಿದ್ರು, "ನಾಳೆ ರೇಂಜಿಗೆ ಬಾ. ನನ್ನದೊಂದು ಗ್ಯಾಸಿಂದು, ರಾಯರ ಅಳಿಯಂದು ಒಂದು ಇನರ್ಷಿಯಾ, ಎರಡರಲ್ಲೂ ಒಂದೊಂದು ರೌಂಡ್, 25, 25 ಹೊಡಿ. ಹಗುರದ್ದು ಹೊಲದಲ್ಲಿ ಹೊತ್ತು ತಿರುಗೋಕೆ ಚೆನ್ನ, ಆದ್ರೆ ತೂಕದಲ್ಲಿ ಉಳಿಸಿದ್ದನ್ನೆಲ್ಲ ಭುಜದ ಹತ್ರ ವಸೂಲಿ ಮಾಡತ್ತೆ. ಸ್ಟಾಕ್ ಹೊಂದಲಿಲ್ಲ ಅಂದ್ರೆ ಮಧ್ಯ ಶಿಮ್ ಅಂತ ತೆಳ್ಳನೆ ಬಿಲ್ಲೆ ಹಾಕಿ ಎತ್ತರಿಸೋಣ. ನಿನ್ನ ಭುಜ ಏನು ಹೇಳತ್ತೋ ಅದನ್ನ ಕೇಳು. ಕಿವಿಗೆ ಮಫ್ ನಾನೇ ತರ್ತೀನಿ, ಎರಡಿವೆ, ಒಂದು ಕೆಂಪು ಒಂದು ಕಪ್ಪು."

ವಾಸು ಸ್ವಲ್ಪ ಹೊತ್ತು ಯೋಚನೆ ಮಾಡಿದ.

"ಸುಮಕ್ಕ, ಎರಡರಲ್ಲಿ ಯಾವ್ದು ಬೆಸ್ಟು?"