ಜಿಂಜಾ ಹೊಸದಾದರೆ ಸ್ಫಿಂಕ್ಸ್ ಏಕೆ ನಿಲ್ಲುತ್ತದೆ?

ಹೊಸಬ:
ಸ್ಫಿಂಕ್ಸ್ (ಕೈಪಿಡಿ ಕಟ್ಟುವ ಪೈಥಾನ್ ಸಾಧನ) 3.5.4ರಲ್ಲಿ ಕಟ್ಟಿದ ಹಳೆಯ ಕೈಪಿಡಿಯೊಂದು ನನ್ನ ಪಾಲಿಗೆ ಬಂದಿದೆ. ಹಿಂದಿನವರ ಲ್ಯಾಪ್‌ಟಾಪಿನಲ್ಲಿ ಇಂದಿಗೂ ಬಿಲ್ಡ್ ಆಗುತ್ತದೆ. ಹೊಸ ಸರ್ವರ್‌ನಲ್ಲಿ ಮಾತ್ರ, ಸ್ಫಿಂಕ್ಸ್ ಬಳಸುವ ಟೆಂಪ್ಲೇಟ್ ಗ್ರಂಥಾಲಯ ಜಿಂಜಾ2ರಲ್ಲಿ ‘ಎನ್ವಿರಾನ್‌ಮೆಂಟ್‌ಫಿಲ್ಟರ್’ ಸಿಗಲಿಲ್ಲ ಎಂಬ ಇಂಪೋರ್ಟ್‌ಎರರ್. ದೋಷ ತೋರಿಸುತ್ತಿರುವುದು ಸ್ಫಿಂಕ್ಸ್‌ನದೇ ಕಡತದಲ್ಲಿ. ರಿಕ್ವೈರ್‌ಮೆಂಟ್ಸ್ ಕಡತದಲ್ಲಿ ಸ್ಫಿಂಕ್ಸ್‌ಗೆ ಮಾತ್ರ ಆವೃತ್ತಿ ನಿಗದಿಯಾಗಿದೆ. ಪೈಥಾನ್ 3.9. ಸ್ಫಿಂಕ್ಸ್‌ನ ಕಡತವನ್ನೇ ತಿದ್ದಿಬಿಡಲೇ?

ಮಲೆನಾಡಿಗ:
ತಿದ್ದಬೇಡಿ. ಸ್ಫಿಂಕ್ಸ್ ಸೆಟ್ಟಿಂಗ್‌ಗಳಿರುವ ಕಾನ್ಫ್.ಪೈ ಕಡತದಲ್ಲಿ, ಇಲ್ಲದ ಗ್ರಂಥಾಲಯಗಳ ಜಾಗಕ್ಕೆ ಹುಸಿಯವನ್ನು ನಿಲ್ಲಿಸುವ ಆಟೋಡಾಕ್_ಮಾಕ್_ಇಂಪೋರ್ಟ್ಸ್ ಪಟ್ಟಿಗೆ ಜಿಂಜಾ2 ಸೇರಿಸಿ ನೋಡಿ. ನಂಪೈ ಗ್ರಂಥಾಲಯ ಇಲ್ಲದ ಯಂತ್ರದಲ್ಲಿ ನಾವು ಹೀಗೆಯೇ ದಾಟಿಸುತ್ತೇವೆ.

ಕೈಪಿಡಿಗಾರ:
ಮಲೆನಾಡಿಗರೇ, ಅದು ಇಲ್ಲಿ ನಡೆಯುವುದಿಲ್ಲ. ಆ ಪಟ್ಟಿ ಕೆಲಸಕ್ಕೆ ಬರುವುದು, ಕೋಡಿನಿಂದಲೇ ವಿವರಣೆ ಎತ್ತುವ ಆಟೋಡಾಕ್ ನಿಮ್ಮ ಮಾಡ್ಯೂಲ್‌ಗಳನ್ನು ತೆರೆಯುವಾಗ. ಇಲ್ಲಿ ಕಾನ್ಫ್.ಪೈ ಓದುವ ಮೊದಲೇ ಸ್ಫಿಂಕ್ಸ್ ಮುಗ್ಗರಿಸಿದೆ.

ಆಗಿರುವುದು ಇಷ್ಟು. 2021ರ ಮೇ ತಿಂಗಳಲ್ಲಿ ಬಂದ ಜಿಂಜಾ 3.0, ಎನ್ವಿರಾನ್‌ಮೆಂಟ್‌ಫಿಲ್ಟರ್ ಬದಲು ಪಾಸ್_ಎನ್ವಿರಾನ್‌ಮೆಂಟ್ ಬಳಸಿ ಎಂದು ಎಚ್ಚರಿಸಿತು. 2022ರ ಮಾರ್ಚ್‌ನಲ್ಲಿ 3.1 ಹಳೆಯ ಹೆಸರನ್ನು ಕಿತ್ತೇ ಹಾಕಿತು. ಆದರೆ ನಿಮ್ಮ ಸ್ಫಿಂಕ್ಸ್ ಕೇಳುವುದು ‘ಜಿಂಜಾ 2.3 ಅಥವಾ ಮೇಲಿನದು’ ಎಂದಷ್ಟೇ, ಮೇಲ್ಮಿತಿಯೇ ಇಲ್ಲ. ಪ್ಯಾಕೇಜ್‌ಗಳನ್ನು ಕೂರಿಸುವ ಪಿಪ್ ತನಗೆ ಸಿಕ್ಕ ಹೊಸದನ್ನು ತಂದು ಕೂರಿಸಿತು. ಲ್ಯಾಪ್‌ಟಾಪಿನಲ್ಲಿ ಹಳೆಯ ಜಿಂಜಾ ಇನ್ನೂ ಕುಳಿತಿದೆ.

ಇಂದೇ ಬಿಲ್ಡ್ ಬೇಕಿದ್ದರೆ ಜಿಂಜಾವನ್ನು 3.0.3ಕ್ಕೆ ಕಟ್ಟಿಹಾಕಿ. ಹುಡುಕಿದರೆ 2.11 ಹಾಕಿ ಎನ್ನುವವರೂ ಸಿಗುತ್ತಾರೆ, ಕೇಳಬೇಡಿ: ಅದಕ್ಕೆ ಮಾರ್ಕಪ್‌ಸೇಫ್ ಎಂಬ ಇನ್ನೊಂದು ಗ್ರಂಥಾಲಯದ ಸಾಫ್ಟ್_ಯೂನಿಕೋಡ್ ಬೇಕು, ಮಾರ್ಕಪ್‌ಸೇಫ್ 2.1 ಅದನ್ನೂ ತೆಗೆದಿದೆ. ಜಿಂಜಾ ದಾಟಿದ ಮೇಲೆ ಸ್ಫಿಂಕ್ಸ್ ಜೊತೆಗೇ ಬರುವ ಆಪಲ್‌ಹೆಲ್ಪ್ ಎಕ್ಸ್‌ಟೆನ್ಷನ್ ‘ಸ್ಫಿಂಕ್ಸ್ 5.0 ಆದರೂ ಬೇಕು’ ಎನ್ನುತ್ತದೆ. ಅದನ್ನು 1.0.4ರಲ್ಲಿ ನಿಲ್ಲಿಸಿ, ಡೆವ್‌ಹೆಲ್ಪ್, ಕ್ಯುಟಿಹೆಲ್ಪ್ ಮುಂತಾದ ಅದರ ಒಡಹುಟ್ಟಿದವರದೂ ಇದೇ ತಕರಾರು. ಹಾವಿನ ಬಾಲಕ್ಕೆ ಕಲ್ಲು ಹೇರಿದಂತಹ ಕೆಲಸ ಇದು, ಒಂದು ವಾರಕ್ಕೆ ಸಾಕು.

ನಿಜವಾದ ಕೆಲಸ ಸ್ಫಿಂಕ್ಸ್ ಏರಿಸುವುದು. ಪೈಥಾನ್ 3.9ಕ್ಕೆ 7.4ರವರೆಗೆ ಹೋಗಬಹುದು, 8.0ಕ್ಕೆ 3.10 ಬೇಕು. ಅದಕ್ಕೂ ಮೊದಲು, ನಿಮ್ಮದೇ ಎಕ್ಸ್‌ಟೆನ್ಷನ್ ಇದ್ದರೆ ಅದರಲ್ಲಿ ಕಾಂಟೆಕ್ಸ್ಟ್‌ಫಂಕ್ಷನ್ ಹುಡುಕಿ, ಪಾಸ್_ಕಾಂಟೆಕ್ಸ್ಟ್ ಎಂದು ಬದಲಿಸಿ. ಮಾರ್ಕಪ್, ಎಸ್ಕೇಪ್ ಎರಡನ್ನೂ ನೇರವಾಗಿ ಮಾರ್ಕಪ್‌ಸೇಫ್‌ನಿಂದ ತನ್ನಿ. ಹಳೆಯ, ಹೊಸ ಜಿಂಜಾ ಎರಡಕ್ಕೂ ಹೊಂದಲಿ ಎಂದು ಟ್ರೈ–ಎಕ್ಸೆಪ್ಟ್ ಹಾಕುವ ಚಟ ನನಗಿಷ್ಟವಿಲ್ಲ. ಒಂದೇ ಸರ್ವರ್‌ನಲ್ಲಿ ಬಿಲ್ಡ್ ಆಗುವ ಕೈಪಿಡಿಗೆ ಅದೇಕೆ?

ಹೊಸಬ:
ನಮ್ಮ ಎಕ್ಸ್‌ಟೆನ್ಷನ್‌ನಲ್ಲಿ ಕಾಂಟೆಕ್ಸ್ಟ್‌ಫಂಕ್ಷನ್ ಇತ್ತು, ಬದಲಿಸಿದೆ. ಸ್ಫಿಂಕ್ಸ್ 7.4ರಲ್ಲಿ ಬಿಲ್ಡ್ ಆಯಿತು. ‘ಲ್ಯಾಂಗ್ವೇಜ್ = ನನ್’ ಸರಿಯಲ್ಲ ಎಂಬ ಎಚ್ಚರಿಕೆ ಮಾತ್ರ ಉಳಿದಿದೆ. ಒಂದು ಅನುಮಾನ: ಹಿಂದೆಲ್ಲ ನಾವು ಸ್ಫಿಂಕ್ಸ್-ಬಿಲ್ಡ್ ಅನ್ನು ಮೈನಸ್ ಡಬ್ಲ್ಯೂ (ಎಚ್ಚರಿಕೆಯನ್ನೂ ದೋಷವೆಂದೇ ಎಣಿಸುವ ಆಯ್ಕೆ) ಹಾಕಿಯೇ ಓಡಿಸುತ್ತಿದ್ದೆವು. ಜಿಂಜಾದ ಎಚ್ಚರಿಕೆ ಆಗಲೇ ಏಕೆ ಕಾಣಲಿಲ್ಲ?

ಕೈಪಿಡಿಗಾರ:
ಆ ಡಬ್ಲ್ಯೂ ಸ್ಫಿಂಕ್ಸ್ ತಾನೇ ಕೊಡುವ ಎಚ್ಚರಿಕೆಗಳಿಗೆ. ಜಿಂಜಾ ಕೊಟ್ಟ ಡೆಪ್ರಿಕೇಶನ್‌ವಾರ್ನಿಂಗ್ (‘ಇದನ್ನು ಮುಂದೆ ತೆಗೆಯುತ್ತೇವೆ’ ಎಂಬ ಎಚ್ಚರಿಕೆ) ಪೈಥಾನ್‌ನದು, ಗ್ರಂಥಾಲಯದೊಳಗೆ ಬಂದರೆ ಪೈಥಾನ್ ಅದನ್ನು ತಾನಾಗಿ ನುಂಗಿಬಿಡುತ್ತದೆ. ಪೈಥಾನ್‌ವಾರ್ನಿಂಗ್ಸ್ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್‌ಗೆ ‘ಡೀಫಾಲ್ಟ್’ ಕೊಟ್ಟು ಓಡಿಸಿ, ಎಲ್ಲ ಹೊರಬರುತ್ತವೆ. ‘ಎರರ್’ ಕೊಡಬೇಡಿ, ಯಾರದೋ ಗ್ರಂಥಾಲಯದ ತಪ್ಪಿಗೆ ನಿಮ್ಮ ಬಿಲ್ಡ್ ನಿಲ್ಲುತ್ತದೆ. ಲ್ಯಾಂಗ್ವೇಜ್‌ಗೆ ‘ಇಎನ್’ ಎಂದು ಬರೆಯಿರಿ. ಕೈಪಿಡಿ ಕನ್ನಡದ್ದಾದರೆ ‘ಕೆಎನ್’.